ಗೇಟಿನ ನವಿಲು, ಮಗ್ಗದ ಕುಣಿ

ವೆಲ್ಡಿಂಗ್ ಅಂಗಡಿ ಇಡಬೇಕೆನ್ನುವ ಹುಡುಗರು ಈಗಲೂ ಹುನಗುಂದದ ನಮ್ಮ ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ಆಮೇಲೆ ಮೊಬೈಲು ತೆಗೆದು ನನ್ನ ಮೂಗಿನ ಮುಂದೆ ಹಿಡಿದು ಕೇಳುವುದು ಒಂದೇ ಮಾತು: "ಚಾಚಾ, ರಾಡ್ ಹಚ್ಚೂದು ನಮಗ ಬರತೈತ್ರಿ. ಡಿಸೈನ್ ಒಂದು ಕಲಿಸಿಬಿಡ್ರಿ."

ನನಗೆ ನಗು ಬರುತ್ತದೆ. ಅವರ ವಯಸ್ಸಿನಲ್ಲಿ ನಾನೂ ಹೀಗೆಯೇ ತಿಳಿದಿದ್ದೆ. ಬೆಸುಗೆ ಬೇರೆ, ಡಿಸೈನ್ ಬೇರೆ. ಹೋಳಿಗೆ ಬೆಂದ ಮೇಲೆ ತುಪ್ಪ ಸುರಿದ ಹಾಗೆ ಕೊನೆಗೆ ಮೇಲಿಂದ ಸುರಿಯುವಂಥದ್ದು ಎಂದು.

ನಾನು ಆರನೇ ಇಯತ್ತೆಗೆ ಸಾಲೆ ಬಿಟ್ಟವನು. ಓದು ಕಡಿಮೆಯಾಯಿತೆಂದು ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಹುನಗುಂದದಿಂದ ಇಳಕಲ್ಲಿನವರೆಗೆ ರಸ್ತೆಯ ಎರಡೂ ಮಗ್ಗುಲು ನೋಡುತ್ತ ಹೋಗಿ. ಹಳೆಯದಾದರೂ ಕದ ಜೋತುಬೀಳದ ಗೇಟು ಕಂಡರೆ ಅದು ಹಸನಸಾಬನ ಕೈಯದೆಂದು ತಿಳಿಯಿರಿ. ಆದರೂ ಡಿಸೈನ್ ಎಂಬ ಈ ಒಂದು ಪದದ ಅರ್ಥ ನನಗೆ ಪೂರ್ತಿ ಇಳಿದದ್ದು ಕಸುಬಿನ ಕೊನೆಗಾಲದಲ್ಲಿ, ಇಳಕಲ್ಲಿನ ನೇಕಾರ್ತಿ ನೀಲವ್ವನ ಮನೆಯಲ್ಲಿ. ಆಗ ಅವರ ಮಗ್ಗ ಉಳಿಯುತ್ತದೋ, ಇಲ್ಲ ಮಗ್ಗದ ಕುಣಿಗೆ, ಅಂದರೆ ಅದರ ಕೆಳಗಿನ ಗುಂಡಿಗೆ, ಕಾಂಕ್ರೀಟು ಸುರಿದು ಮೇಲೆ ಟೈಲ್ಸ್ ಕೂರಿಸುತ್ತಾರೋ ಎಂಬ ಪ್ರಶ್ನೆ ಎದ್ದಿತ್ತು. ಅಲ್ಲಿಗೆ ಹೋಗುವ ಮೊದಲು ಅದಕ್ಕೂ ಹಿಂದಿನ ನನ್ನ ಕೆಲವು ಫಜೀತಿಗಳನ್ನು ಹೇಳಲೇಬೇಕು. ನೀಲವ್ವನ ಮನೆಯಲ್ಲಿ ನಾನು ಯಾಕೆ ಹಾಗೆ ಮಾಡಿದೆನೆಂದು ಆಗ ನಿಮಗೆ ತಿಳಿಯುತ್ತದೆ.

ಡಿಸೈನ್ ಎಂಬ ಪದ ನಾನು ಮೊದಲು ಕೇಳಿದ್ದು ಒಬ್ಬ ಗಿರಾಕಿಯ ಬಾಯಲ್ಲಿ. "ಗೇಟು ಗಟ್ಟಿ ಇರ್ಲಿ, ಡಿಸೈನೂ ಇರ್ಲಿ" ಎಂದು ಹೇಳಿ ಹೋದ. ನಾನು ಬೆಸುಗೆ ಕಲಿಸಿದ ನನ್ನ ಉಸ್ತಾದರನ್ನು ಕೇಳಿದೆ:

"ಉಸ್ತಾದ್, ಡಿಸೈನ್ ಅಂದ್ರ ಏನ್ರಿ?"

"ಹಾದಿ ಮ್ಯಾಲ ಹೋಗೂ ಮಂದಿ ಹೊಳ್ಳಿ ನೋಡ್ಬೇಕು ಅಂತ ಗಿರಾಕಿ ಕೇಳ್ತಾನಲ್ಲ, ಅದು" ಎಂದರು ಅವರು, ಹೊಗೆಯಿಂದ ಮುಖ ಸರಿಸದೆ.

ಅದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಸ್ವಂತ ಅಂಗಡಿ ಹಾಕಿದ ಮೇಲೆ ಹೊಳ್ಳಿ ನೋಡುವಂಥದ್ದು ಏನು ಮಾಡಲಿ ಎಂದು ಯೋಚಿಸಿ ಸರಳು ಬಾಗಿಸಿ ನವಿಲು ಮಾಡಲು ಕಲಿತೆ. ಗರಿ ಬಿಚ್ಚಿದ ನವಿಲು, ಒಂದೊಂದು ಗರಿಯ ತುದಿಗೂ ಒಂದೊಂದು ಬಳೆಯಂಥ ಸುತ್ತು. ಅದು ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರು ಹೊಸ ಜಾಗದಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ. ಹೊಸ ಮನೆಯೆಂದರೆ ಹೊಸ ಗೇಟು, ಹೊಸ ಗೇಟೆಂದರೆ ಹಸನಸಾಬನ ನವಿಲು. ಬಾಗಲಕೋಟೆಯ ಕಡೆಯಿಂದಲೂ ಕರೆ ಬರತೊಡಗಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಬಾದಾಮಿಯ ಒಬ್ಬ ಲಾಡ್ಜಿನ ಮಾಲಕರು ಬಂದು, ಪ್ರವಾಸಿಗರು ಬರುವ ಜಾಗ, ನವಿಲು ಬೇಡ, ನಾಟ್ಯವಾಡುವ ಹೆಣ್ಣಿನ ಮೂರ್ತಿ ಬೇಕು ಎಂದರು. ಎರಡು ಕದದ ಗೇಟು. ಮೂರ್ತಿಯನ್ನು ಸರಿಯಾಗಿ ನಡುವೆ ಕೂರಿಸಿದೆ, ಅರ್ಧ ಈ ಕದದಲ್ಲಿ, ಅರ್ಧ ಆ ಕದದಲ್ಲಿ. ಮುಚ್ಚಿದಾಗ ನೋಡಬೇಕು, ಏನು ಚೆಂದ! ಆದರೆ ಲಾಡ್ಜಿನ ಗೇಟು ಮುಚ್ಚಿರುವುದು ಯಾವಾಗ? ಹಗಲೆಲ್ಲ ಒಂದು ಕದ ತೆರೆದೇ ಇರುತ್ತದೆ. ಮಾಲಕರು ಫೋನು ಮಾಡಿದರು. "ಹಸನಸಾಬ್ರ, ಬಂದ ಮಂದಿ ಒಳಗ ಬರೂದು ಬಿಟ್ಟು, ಈಕಿ ಇನ್ನೊಂದು ಕಾಲು ಎಲ್ಲಿ ಅಂತ ಹುಡುಕ್ಯಾಡಾಕತ್ತಾರ." ಹೋಗಿ ಇಡೀ ಮೂರ್ತಿಯನ್ನು ಬಿಚ್ಚಿ ಒಂದೇ ಕದಕ್ಕೆ ಹಚ್ಚಿಕೊಟ್ಟು ಬಂದೆ.

ಇದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಒಂದು ಕುರಿಮರಿ. ಕೂಡಲಸಂಗಮದ ಹತ್ತಿರದ ಯಲ್ಲಪ್ಪನೆಂಬ ಕುರಿಗಾರ ಕುರಿ ದೊಡ್ಡಿಗೆ ಕಲ್ಲಿನ ಗೋಡೆ ಕಟ್ಟಿಸಿ, ಗೇಟು ಮಾಡಿಕೊಡಿ ಎಂದು ಬಂದ. ಭಾಳ ಒಳ್ಳೆಯ ಮನುಷ್ಯ. ಅವನು ಕೇಳದಿದ್ದರೂ ಪ್ರೀತಿಗೆಂದು ಒಂದು ನವಿಲು ಹಚ್ಚಿದೆ. ಗೇಟು ಕೂರಿಸಿ ಬಂದ ಮರುದಿನ ಬೆಳಿಗ್ಗೆಯೇ ಫೋನು.

"ಸಾಬ್ರ, ನಿಮ್ಮ ನವಿಲು ನಮ್ಮ ಮರೀನ ನುಂಗೈತ್ರಿ. ಲಗೂನ ಬರ್ರಿ."

ಹೋಗಿ ನೋಡಿದರೆ, ಗರಿಯ ಸುತ್ತಿನೊಳಗೆ ಮರಿ ತಲೆ ತೂರಿಸಿ ಸಿಕ್ಕಿಕೊಂಡಿದೆ. ಆಚೆ ತಲೆ ಅರಚುತ್ತಿದೆ, ಈಚೆ ಬಾಲ ಅಲ್ಲಾಡುತ್ತಿದೆ, ತಾಯಿ ಕುರಿ ನನ್ನನ್ನೇ ನೋಡುತ್ತಿದೆ. ಮಷಿನ್ ಹಚ್ಚಿದರೆ ಕಿಡಿ ಸಿಡಿಯುತ್ತದೆಂದು ಕೈಗರಗಸದಿಂದಲೇ ನನ್ನ ನವಿಲಿನ ಗರಿಗಳನ್ನು ಒಂದೊಂದಾಗಿ ಕತ್ತರಿಸಿದೆ. ಮರಿ ಕಿವಿ ಝಾಡಿಸಿ ಓಡಿತು. ಗರಿ ಹೋದ ನವಿಲು ಥೇಟು ಕೋಳಿಯ ಹಾಗೆ ಕಾಣುತ್ತಿತ್ತು.

"ಇರ್ಲಿ ಬಿಡ್ರಿ ಸಾಬ್ರ, ಕೋಳೀನೂ ಇರ್ಲಿ" ಎಂದ ಯಲ್ಲಪ್ಪ. "ನಮ್ಮ ದೇವ್ರು ಬೀರಪ್ಪ ಎಲ್ಲಾರ್ನೂ ಕಾಯ್ತಾನ. ಆದ್ರ ಈ ಚಿಲಕ ಒಂದು ಬದಲಿ ಮಾಡ್ರಿ."

"ಚಿಲಕಕ್ಕ ಏನಾಗೈತೋ? ಎರಡು ಕೈಲೆ ಜಗ್ಗಿದ್ರ ಬೆಣ್ಣಿ ಹಂಗ ಬರತೈತಿ."

"ಎರಡು ಕೈ ಎಲ್ಲಿ ಅದಾವ್ರಿ? ಒಂದು ಕೈಯಾಗ ಯಾವಾಗ್ಲೂ ಒಂದು ಮರಿ ಇರತೈತಿ."

ಖರೆ ಮಾತು. ಅವನು ಅಂಗಡಿಗೆ ಬಂದಾಗಲೂ ಕಂಬಳಿಯೊಳಗೆ ಒಂದು ಮರಿ ಇತ್ತು. ನಾನೇ ಅದಕ್ಕೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸಿದ್ದೆ.

ಮೂರನೆಯದು ಮರೋಳದ ಕಡೆಯದು. ಅಲ್ಲಿ ನೀರಾವರಿ ಕೆಲಸ ನಡೆದಾಗ ಒಬ್ಬ ಗುತ್ತಿಗೆದಾರರ ಕೈಕೆಳಗೆ ನಾನು ಏಣಿ, ಕೈ ಹಿಡಿಯುವ ಕಟಾಂಜನ ಮಾಡುತ್ತಿದ್ದೆ. ಮೇಲ್ವಿಚಾರಣೆಗೆ ಒಬ್ಬ ಎಂಜಿನಿಯರ್ ಮೇಡಂ ಇದ್ದರು. ಮೈಸೂರು ಕಡೆಯವರು, ಬೈದರೂ ಆಮಂತ್ರಣ ಓದಿದ ಹಾಗೆ ಕೇಳುತ್ತಿತ್ತು. ಗೋಡೆಗೆ ಒಂದು ಕಬ್ಬಿಣದ ಏಣಿ ಕೂರಿಸಿದ್ದೆ. ಚೊಕ್ಕವಾಗಿ ಕಾಣಲೆಂದು ಗೋಡೆಗೆ ಅಂಟಿಸಿದ ಹಾಗೆ ಕೂರಿಸಿದ್ದೆ. ಮೇಡಂ ನೋಡಿ, "ಬಹಳ ಅಚ್ಚುಕಟ್ಟಾಗಿದೆ ಹಸನಸಾಬ್ರೇ. ಈಗ ಹತ್ತಿ" ಎಂದರು. ನಾನು ಏಣಿಗೆ ಕೈಹಚ್ಚಿದೆ. "ಬರಿಗೈಲಿ ಅಲ್ಲ, ಸ್ಪ್ಯಾನರ್ ಚೀಲ ತಗೊಂಡು ಹತ್ತಿ."

ಒಂದು ಕೈಯಲ್ಲಿ ಚೀಲ ಹಿಡಿದು ಹತ್ತಲು ಹೋದರೆ ಕಾಲು ನಿಲ್ಲಲಿಲ್ಲ. ಮೆಟ್ಟಿಲಿಗೂ ಗೋಡೆಗೂ ನಡುವೆ ಜಾಗವೇ ಇಲ್ಲ. ಬರೀ ಹೆಬ್ಬೆರಳ ತುದಿ ತಾಗುತ್ತದೆ. ನಡುದಾರಿಯಲ್ಲಿ ಗೋಡೆ ತಬ್ಬಿಕೊಂಡು ನಿಂತುಬಿಟ್ಟೆ. ಮೇಡಂ ನಗಲಿಲ್ಲ. ಇಳಿಸಿಕೊಂಡು, ಹಾಳೆಯ ಮೇಲೆ ಮೊದಲು ಒಂದು ಬೂಟುಗಾಲು ಬರೆದರು, ಅದರ ಕೆಳಗೆ ಮೆಟ್ಟಿಲು, ಅದರ ಆಚೆ ಗೋಡೆ. "ಮೊದಲು ಕಾಲು. ಆಮೇಲೆ ಏಣಿ" ಎಂದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು, ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಆವತ್ತಿನಿಂದ ನಾನು ಮಾಡಿದ ಏಣಿಯನ್ನು ನಾನೇ ಮೊದಲು ಹತ್ತಿ ಇಳಿದಿದ್ದೇನೆ, ಕೈಯಲ್ಲಿ ಚೀಲ ಹಿಡಿದು.

ಇಷ್ಟೆಲ್ಲ ಆದ ಮೇಲೂ ಮನುಷ್ಯನಿಗೆ ಬುದ್ಧಿ ಬಂದಿರಬೇಕಲ್ಲವೇ? ಏಣಿಯ ಮಟ್ಟಿಗೆ ಬಂದಿತ್ತು, ಕುರಿ ದೊಡ್ಡಿಯ ಮಟ್ಟಿಗೂ ಬಂದಿತ್ತು. ಉಳಿದದ್ದಕ್ಕೆಲ್ಲ ನವಿಲು ಇದ್ದೇ ಇತ್ತು.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಓಡಿಸುತ್ತಿದ್ದವನು ಇಳಿದು ಬಂದು ಪಕ್ಕದಲ್ಲಿ ಕೂತಿದ್ದ ತಾಯಿಯನ್ನು ಕೈಹಿಡಿದು ಇಳಿಸಿದ. ಆ ತಾಯಿಯೇ ನೀಲವ್ವ, ಮಗ ಮಹಾಂತೇಶ. ನಾನು ಸ್ಟೂಲು ಸರಿಸಿ, "ಬರ್ರಿ ಅವ್ವಾರ, ಕುಂಡ್ರಿ" ಎಂದೆ.

"ಕುಂತ ಮ್ಯಾಲ ಆರಾಮ ಐತ್ರಿ ಸಾಬ್ರ, ಕುಂಡ್ರೂದು ಏಳೂದ ಆಗವಲ್ತು. ನಿಂತ ಹೇಳ್ತೇನಿ, ಕೇಳ್ರಿ."

ಅವರಿಗೆ ಮೊಣಕಾಲು ಸವೆದಿತ್ತು. ಇಳಕಲ್ ಸೀರೆ ನೇಯುವ ಮಗ್ಗ ನೆಲದ ಮೇಲೆ ಇರುತ್ತದೆ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತ ನೇಯುತ್ತಾರೆ. ದವಾಖಾನೆಯಲ್ಲಿ ಡಾಕ್ಟರು, ನೆಲಕ್ಕೆ ಕೂತು ಏಳುವುದು ಬೇಡ ಎಂದಿದ್ದರಂತೆ. ಮಹಾಂತೇಶ ಅಂದೇ ನಿರ್ಧಾರ ಮಾಡಿಬಿಟ್ಟಿದ್ದ.

"ಕುಣಿ ಮುಚ್ಚಿಸಿ ಟೈಲ್ಸ್ ಹಾಕಸ್ತೇನ್ರಿ. ದುಡದದ್ದು ಸಾಕು ಅವ್ವ."

"ಟೈಲ್ಸ್ ಮ್ಯಾಲ ನಾ ಏನ ಜಾರಬಂಡಿ ಆಡ್ಲೇನೋ?" ಎಂದರು ನೀಲವ್ವ. ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಮದಿವಿ ಆಗಿ ಬಂದಾಗಿಂದ ಆ ಕುಣ್ಯಾಗ ಕಾಲಿಟ್ಟೀನ್ರಿ. ಒಂದು ಸೀರಿ ಅರ್ಧಕ್ಕ ನಿಂತೈತಿ. ಮುಂಜಾನೆ ಎದ್ದ ಕೂಡ್ಲೇ ಅದ ಕಣ್ಣಿಗೆ ಬೀಳತೈತಿ. ಕೈ ಸುಮ್ಮಕ ಇರಂಗಿಲ್ರಿ. ನೀವು ಏನರ ಮಾಡ್ರಿ."

ಮಗ ಕೆಟ್ಟವನಲ್ಲ. ತಾಯಿ ನೆಲದಿಂದ ಏಳುವಾಗ ಪಡುವ ಪಾಡು ನೋಡಲಾರದೆ ಹಾಗೆ ಹೇಳುತ್ತಿದ್ದ. "ಟೈಲ್ಸಿನವ್ರು ಬರೂದ್ರೊಳಗ ಆದ್ರ ಆತು. ಆಗ್ಲಿಲ್ಲಂದ್ರ ಕುಣಿ ಮುಚ್ಚೂದ" ಎಂದ. ತಾಯಿ, "ಹೂಂ" ಎಂದರು. ಒಪ್ಪಂದ ಹಾಗೆ ಆಯಿತು.

ನಾನು ಎದೆ ತಟ್ಟಿ ಹೇಳಿದೆ, ನೆಲದ ಮಗ್ಗವನ್ನು ಎತ್ತರಕ್ಕೆ ತರುತ್ತೇನೆ, ಅವ್ವ ಕುರ್ಚಿಯ ಮೇಲೆ ಕೂತು ರಾಣಿಯ ಹಾಗೆ ನೇಯಲಿ ಎಂದು. ಒಳ್ಳೆಯ ಆಂಗಲ್ ಕಬ್ಬಿಣ ತಂದು, ಅಡುಗೆ ಕಟ್ಟೆಯಷ್ಟು ಎತ್ತರದ ಚೌಕಟ್ಟು ಕಟ್ಟಿದೆ. ಅದಕ್ಕೆ ಸರಿಯಾಗಿ ಕುರ್ಚಿ. ಎಡಕ್ಕೊಂದು ಬಲಕ್ಕೊಂದು ನವಿಲು. ಬಣ್ಣ ಬಳಿದು ಇಳಕಲ್ಲಿಗೆ ಒಯ್ದು ಪಡಸಾಲೆಯಲ್ಲಿ ನಿಲ್ಲಿಸಿದಾಗ ಓಣಿಯ ಹೆಂಗಸರೆಲ್ಲ ಬಂದು ನೋಡಿದರು. ಹಳೆಯ ಮಗ್ಗದಲ್ಲಿದ್ದ ಅರ್ಧ ಸೀರೆಯನ್ನು ಮುಟ್ಟದೆ, ಬೇರೆ ನೂಲು ಹೂಡಿ ನೀಲವ್ವ ಕುರ್ಚಿಯ ಮೇಲೆ ಕೂತರು. ಲಾಳಿ ಓಡಿತು. ಎಳೆ ಬಿಗಿಯಾಗಿ ಕೂರಿಸಲು ಹಣಿಗೆಯನ್ನು ಬಡಿದರು.

ಮಗ್ಗ ಒಂದು ಬೆರಳು ಮುಂದೆ ಸರಿಯಿತು.

ಮತ್ತೆ ಬಡಿದರು, ಮತ್ತೆ ಸರಿಯಿತು. ನೀಲವ್ವ ಕುರ್ಚಿ ಎಳೆದುಕೊಂಡು ಅದರ ಹಿಂದೆ ಹೋದರು. ಮಗ್ಗ ಬಾಗಿಲ ಕಡೆ ನಡೆಯುತ್ತಲೇ ಇತ್ತು.

"ಸಾಬ್ರ," ಎಂದರು ನೀಲವ್ವ, "ಸೀರಿ ಇಳಕಲ್ಲದಾಗ ಸುರು ಮಾಡಿದ್ರ ಹುನಗುಂದದಾಗ ಮುಗೀತೈತಿ ನೋಡ್ರಿ."

ಓಣಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನೆಲಕ್ಕೆ ಬೋಲ್ಟು ಹೊಡೆದು ಬಿಗಿದೆ. ಆಗ ನಡೆಯುವುದು ನಿಂತು ನಡುಗುವುದು ಸುರುವಾಯಿತು. ಎಳೆಗಳು ಪಟಪಟ ಹರಿಯತೊಡಗಿದವು. ನೀಲವ್ವ ಹರಿದ ಎಳೆಗಳನ್ನು ಗಂಟು ಹಾಕುತ್ತ ಸಮಾಧಾನವಾಗಿ ಹೇಳಿದರು: "ಕಬ್ಬಿಣ ಬಡದ್ರ ತಿರುಗಿ ಬಡೀತೈತ್ರಿ. ಮಣ್ಣು ಹಂಗ ಮಾಡಂಗಿಲ್ಲ, ನುಂಗಿಕೋತೈತಿ. ಕುಣ್ಯಾಗ ತಂಪೂ ಇರತೈತಿ, ನೂಲು ಹರಿಯಂಗಿಲ್ಲ." ಸ್ವಲ್ಪ ತಡೆದು, "ನವಿಲು ಮಾತ್ರ ಭಾಳ ಚೊಲೋ ಬಂದಾವ" ಎಂದರು. ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಹಾಂತೇಶ ನನ್ನ ಹೆಗಲ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡ್ರಿ ಚಾಚಾ, ನಿಮ್ಮ ಕೈಲಾದದ್ದು ನೀವು ಮಾಡಿದ್ರಿ. ಟೈಲ್ಸಿನವರಿಗೆ ಬಾ ಅಂತ ಹೇಳ್ತೇನಿ" ಎಂದು ಫೋನು ತೆಗೆದ. ನೀಲವ್ವ ಒಳಗಿನ ಕೋಣೆಯ ಹಳೆಯ ಮಗ್ಗದ ಕಡೆ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡರು.

ನನ್ನ ಕೈಲಾದದ್ದು ನಾನು ಮಾಡಿದ್ದೆನೇ? ಕುರಿಗಾರನ ಕೈಯಲ್ಲಿ ಮರಿ ಇದ್ದದ್ದನ್ನು ನೋಡದೆ ಚಿಲಕ ಮಾಡಿದವನು, ಕಾಲು ನೋಡದೆ ಏಣಿ ಮಾಡಿದವನು, ಈಗ ಈ ಅವ್ವ ನೇಯುವುದನ್ನು ಒಮ್ಮೆಯೂ ನೋಡದೆ ಮಗ್ಗ ಮಾಡಿದ್ದೆ. "ತಮ್ಮಾ, ಫೋನ್ ಇಡು" ಎಂದೆ. "ಅವ್ವಾರ, ಒಂದು ಸಲ ಹಳೀ ಮಗ್ಗದಾಗ ಕೂತು ನೇದು ತೋರಸ್ರಿ. ನಾ ಬರೇ ನೋಡ್ತೇನಿ."

ಮಗ ಒಂದು ತೋಳು, ಸೊಸೆ ಒಂದು ತೋಳು ಹಿಡಿದು ಇಳಿಸಿದರು. ನೆಲದವರೆಗೆ ಇಳಿಯುವಷ್ಟರಲ್ಲಿ ನೀಲವ್ವನ ಮುಖ ಹಿಂಡಿದ ಹಾಗಾಗಿತ್ತು. ಕೂತು, ಕಾಲು ತಿರುಗಿಸಿ ಕುಣಿಗೆ ಬಿಟ್ಟರು. ಆ ಕ್ಷಣಕ್ಕೆ ಮುಖವೇ ಬದಲಾಯಿತು. ಬೆನ್ನು ನೆಟ್ಟಗಾಯಿತು. ಲಾಳಿ ಅತ್ತಿಂದಿತ್ತ ಓಡಿತು, ಕಾಲು ಹಲಗೆ ತುಳಿಯಿತು, ಅವರು ಸೊಸೆಗೆ ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುತ್ತ ನೇಯುತ್ತಿದ್ದರು. ಕಾಲು ಕುಣಿಯೊಳಗೆ ಇಳಿಬಿಟ್ಟು ಕೂತರೆ ಅದು ಕುರ್ಚಿಯ ಮೇಲೆ ಕೂತ ಹಾಗೆಯೇ ಇದೆಯಲ್ಲ!

"ಅವ್ವಾರ, ಈಗ ಮೊಣಕಾಲು ನೋವೈತೇನ್ರಿ?"

"ಈಗ ಎಲ್ಲೀ ನೋವ್ರಿ? ಇಳಿಯಾಕ ಮತ್ತ ಏಳಾಕ ಅಷ್ಟ."

ಅಂಗಡಿಗೆ ಬಂದಾಗ ಮೊದಲ ಮಾತಿನಲ್ಲೇ ಅವರು ಅದನ್ನು ಹೇಳಿದ್ದರು. ಡಾಕ್ಟರೂ ಅದನ್ನೇ ಹೇಳಿದ್ದರು. ಕೂತು ಏಳುವುದು ಬೇಡ ಎಂದರೆ ನೇಯುವುದು ಬೇಡ ಎಂದು ಅರ್ಥ ಮಾಡಿಕೊಂಡವರು ನಾವು, ಮಗನೂ ನಾನೂ. ಅವರ ಮಗ್ಗಕ್ಕೆ ಏನೂ ಆಗಿರಲಿಲ್ಲ. ಮಗ್ಗಕ್ಕೆ ಹೋಗುವ ದಾರಿ ಕೆಟ್ಟಿತ್ತು.

ಓಣಿಯ ಗಾರೆ ಕೆಲಸದ ಗೌಂಡಿಯನ್ನು ಕರೆಸಿದೆವು. ಮಗ್ಗದ ಒಂದು ಪಕ್ಕಕ್ಕೆ ಕುಣಿಯನ್ನು ಸ್ವಲ್ಪ ಉದ್ದ ಮಾಡಿಸಿ, ಅಲ್ಲಿ ಎರಡು ಅಗಲವಾದ ಕಲ್ಲಿನ ಮೆಟ್ಟಿಲು ಕೂರಿಸಿದೆವು. ನಿಂತುಕೊಂಡೇ ಕುಣಿಗೆ ಇಳಿದು, ಹಿಂದಕ್ಕೆ ಅಂಚಿನ ಮೇಲೆ ಕೂತು, ಹಾಗೇ ಪಕ್ಕಕ್ಕೆ ಸರಿದರೆ ಮಗ್ಗದ ಮುಂದೆ. ನೆಲಕ್ಕೆ ಕೂರುವ ಪ್ರಸಂಗವೇ ಇಲ್ಲ. ಇನ್ನು ಹಿಡಿದುಕೊಳ್ಳಲು ಒಂದು ಪೈಪು ಬೇಕು. ಅದು ನನ್ನ ಕೆಲಸ.

ಈ ಸಲ ನಾನು ಮೊದಲಿಗೇ ಕಬ್ಬಿಣ ಮುಟ್ಟಲಿಲ್ಲ. ಸೀಮೆಸುಣ್ಣ ಹಿಡಿದು ಗೋಡೆಯ ಪಕ್ಕ ನಿಂತೆ. "ಅವ್ವಾರ, ಇಳಿಯೂ ಹಂಗ ಮಾಡ್ರಿ. ಕೈ ತಾನ ಎಲ್ಲಿ ಹೋಗತೈತಿ, ಹೋಗ್ಲಿ." ಮಗನ ಕೈ ಹಿಡಿದು ಇಳಿಯುತ್ತ ನೀಲವ್ವನ ಇನ್ನೊಂದು ಕೈ ಗಾಳಿಯಲ್ಲಿ ಚಾಚಿತು. ಅಲ್ಲಿ ಗುರುತು ಹಾಕಿದೆ. ಏಳುವಾಗ ಅದೇ ಕೈ ಅದಕ್ಕಿಂತ ಕೆಳಗೆ, ಮುಂದೆ ಹೋಯಿತು. ಅಲ್ಲೂ ಗುರುತು. ಇಳಿಯುವವರಿಗೆ ಒಂದು ಎತ್ತರ, ಏಳುವವರಿಗೆ ಇನ್ನೊಂದು ಎತ್ತರ ಬೇಕೆಂದು ಅಷ್ಟು ವರ್ಷ ಕಟಾಂಜನ ಮಾಡಿದ ನನಗೆ ಗೊತ್ತಿರಲಿಲ್ಲ. ಎರಡೂ ಗುರುತು ಕೂಡುವ ಹಾಗೆ ಒಂದೇ ಪೈಪನ್ನು ಬಾಗಿಸಿದೆ. ಹೂವಿಲ್ಲ, ಬಳ್ಳಿಯಿಲ್ಲ. ಉಜ್ಜಿ ನುಣುಪು ಮಾಡಿ ಗೋಡೆಗೆ ಕೂರಿಸಿದೆ.

ಟೈಲ್ಸಿನವರು ಬಂದ ದಿನವೇ ಪರೀಕ್ಷೆಯೂ ಆಯಿತು. ಅವರು ಪೆಟ್ಟಿಗೆ ಇಳಿಸಿ, ಕುಣಿ ಮುಚ್ಚುವುದೋ ಬಿಡುವುದೋ ಎಂದು ಕೇಳುತ್ತ ನಿಂತಿದ್ದರು. ಮಹಾಂತೇಶ ತಾಯಿಯ ಮುಂದೆ ಎರಡೂ ಕೈ ಚಾಚಿ ನಿಂತ.

"ಕೈ ತಗೀಲೇ, ಅಡ್ಡ ನಿಂತಿ" ಎಂದರು ನೀಲವ್ವ.

ಪೈಪು ಹಿಡಿದರು. ಒಂದು ಮೆಟ್ಟಿಲು ಇಳಿದರು. ಎರಡನೆಯದು. ಅಂಚಿನ ಮೇಲೆ ಕೂತು, ಪಕ್ಕಕ್ಕೆ ಸರಿದು, ಅರ್ಧ ನಿಂತ ಸೀರೆಯ ಮೇಲಿನ ಧೂಳು ಊದಿದರು. ಮಗ್ಗದ ಸದ್ದು ಸುರುವಾಯಿತು. ಸ್ವಲ್ಪ ಹೊತ್ತಿಗೆ ತಾವೇ ಎದ್ದು ಮೇಲೆ ಬಂದರು, ಮತ್ತೆ ಇಳಿದರು. ಮತ್ತೆ ಮೇಲೆ ಬಂದರು. ಸುಮ್ಮನೆ, ಬೇಕೆಂದೇ, ಚಿಕ್ಕ ಮಕ್ಕಳು ಮಾಡುವ ಹಾಗೆ. ಮಹಾಂತೇಶ ಮುಖ ಆಚೆ ತಿರುಗಿಸಿ ಟೈಲ್ಸಿನವರಿಗೆ ಹೇಳಿದ: "ಕುಣಿ ಅಂಚಿನ ತನಕ ಅಷ್ಟ ಹಾಕ್ರಿ. ಆ ಕಡಿ ಹೋಗಬ್ಯಾಡ್ರಿ."

ನನ್ನ ನವಿಲಿನ ಚೌಕಟ್ಟು ಈಗ ಅವರ ಹಿತ್ತಲಿನಲ್ಲಿದೆ. ಅದರ ಮೇಲೆ ಶಾವಿಗೆ ಒಣಹಾಕುತ್ತಾರೆ. ಅದಕ್ಕೆ ಅದು ಹೇಳಿಮಾಡಿಸಿದ ಹಾಗಿದೆ.

ಕಣ್ಣಿನ ಆಪರೇಷನ್ ಆದ ಮೇಲೆ ಬೆಸುಗೆಯ ಉರಿ ನೋಡಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅಂಗಡಿ ಬಿಟ್ಟೆ. ಈಗ ಬಾಗಲಕೋಟೆಯಲ್ಲಿ ಮಷಿನ್ ಕತ್ತರಿಸಿದ ಕಬ್ಬಿಣದ ಹಾಳೆಗಳು ಸಿಗುತ್ತವೆ. ನಾನು ದಿನವಿಡೀ ಬಾಗಿಸುತ್ತಿದ್ದ ನವಿಲನ್ನು ಆ ಮಷಿನ್ ಚಹಾ ಆರುವುದರೊಳಗೆ ಕತ್ತರಿಸಿ ಕೊಡುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ. ಖರೆ ಹೇಳಬೇಕೆಂದರೆ ಸ್ವಲ್ಪ ಇದೆ. ಆದರೆ ನೀಲವ್ವನ ಕೈ ಗಾಳಿಯಲ್ಲಿ ಎಲ್ಲಿ ಚಾಚುತ್ತದೆಂದು ನಿಂತು ನೋಡುವ ಕೆಲಸವನ್ನು ಅದು ಮಾಡುವುದಿಲ್ಲ. ಅದು ಇನ್ನೂ ನಿಮ್ಮದೇ ಕೆಲಸ ಎಂದು ಕಟ್ಟೆಯ ಮೇಲೆ ಕೂತ ಹುಡುಗರಿಗೆ ಹೇಳುತ್ತೇನೆ. ಕಬ್ಬಿಣ ಮುಟ್ಟುವ ಮೊದಲು ಆ ಮನುಷ್ಯ ಕಾಲು ಎಲ್ಲಿಡುತ್ತಾನೆ, ಕೈಯಲ್ಲಿ ಏನಿರುತ್ತದೆ, ನೋವು ಎಲ್ಲಿದೆ ಎಂದು ಗೊತ್ತುಮಾಡಿಕೊಂಡು ಅದಕ್ಕೆ ತಕ್ಕ ಹಾಗೆ ವಸ್ತುವಿಗೆ ಆಕಾರ ಕೊಡಬೇಕು. ಡಿಸೈನ್ ಎಂದು ನಾನು ಕರೆಯುವುದು ಅದನ್ನು. ನವಿಲು ಆಮೇಲೆ ಬೇಕಾದರೆ ಬಂದು ಕೂರಲಿ, ನನ್ನ ತಕರಾರಿಲ್ಲ.

ನೀಲವ್ವ ಆ ಸೀರೆ ಮುಗಿಸಿದ ಸುದ್ದಿ ಹಬ್ಬಿ, ಅಂಗಡಿ ಬಿಡುವ ಮೊದಲು ನಾನು ಆ ಓಣಿಗೆ ಮತ್ತೆ ಹೋಗಬೇಕಾಯಿತು. ಮೊಣಕಾಲು ಹಿಡಿದ ನೇಕಾರ್ತಿಯರು ಮೂರು ಮನೆಯವರು ಕಾಯುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಎತ್ತರದ ಶಾಂತವ್ವ ಎಂಬವರು, "ನೀಲವ್ವಗ ಮಾಡಿದ್ರಲ್ಲ, ಅಂಥಾದ್ದ ಒಂದು ಪೈಪ್ ಹಚ್ಚಿ ಹೋಗ್ರಿ ಸಾಬ್ರ" ಎಂದರು.

"ಅಂಥಾದ್ದು ನಿಮಗ ಆಗಂಗಿಲ್ರಿ ಅಕ್ಕಾರ" ಎಂದು ನಾನು ಸೀಮೆಸುಣ್ಣ ತೆಗೆದೆ. "ಎಲ್ಲಿ, ಒಂದು ಸಲ ಕೂತು ಎದ್ದು ತೋರಸ್ರಿ ನೋಡೂಣ."

ಶಾಂತವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಬಾಗಿಲಲ್ಲಿ ನಿಂತಿದ್ದ ನೀಲವ್ವನನ್ನು ನೋಡಿ ಕೂಗಿದರು: "ಯವ್ವಾ, ಗೇಟ್ ಮಾಡಾಂವ ಅಂತ ಕರದ್ರ ಈ ಸಾಬ್ರು ಹೆಣ್ಣು ನೋಡಾಕ ಬಂದಾರಲ್ಲವಾ! ಕುಂಡ್ರು ಅಂತಾರ, ಏಳು ಅಂತಾರ, ಇನ್ನ ನಡದು ತೋರ್ಸು ಅಂತಾರೇನ?"

"ಹೂಂನ್ರಿ" ಎಂದೆ, "ನಡದೂ ತೋರಸ್ರಿ."